ನ್ಯೂಜಿಲೆಂಡಿನಲ್ಲಿ ಹಸಿದು ಕೂತ ಹನ್ನೆರಡು ಕೌದಿಗಳು

ಎರಡು ದೇಶಗಳ ನಡುವೆ ವ್ಯಾಪಾರ ನಡೆಯಬೇಕಾದರೆ ಮಂತ್ರಿಗಳು ಬೇಕು, ಹಡಗುಗಳು ಬೇಕು, ಒಪ್ಪಂದಕ್ಕೆ ಸಹಿ ಹಾಕಲು ಉದ್ದನೆಯದೊಂದು ಮೇಜು ಬೇಕು ಎಂದು ನೀವು ತಿಳಿದಿದ್ದರೆ, ನೀವು ನಮ್ಮ ಕಾಕಾನನ್ನು ನೋಡಿಲ್ಲ ಎಂದೇ ಅರ್ಥ! ಗಜೇಂದ್ರಗಡದ ಒಂದು ಓಣಿಯಲ್ಲಿ, ಎರಡು ಕೋಣೆಯ ಮನೆಯಲ್ಲಿ, ಭಾರತ ಮತ್ತು ನ್ಯೂಜಿಲೆಂಡ್ ದೇಶಗಳ ವ್ಯಾಪಾರವನ್ನು ಅವನೊಬ್ಬನೇ ನಡೆಸುತ್ತಿದ್ದಾನೆ. ಮೇಜು ಇಲ್ಲ. ಜೋಳದ ಚೀಲದ ಮೇಲೆ ಕೂಡುತ್ತಾನೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಆಯುಷ್ಯವೆಲ್ಲ ದಲಾಲಿ ಅಂಗಡಿಯಲ್ಲಿ ಹೆಸರುಕಾಳು ತೂಗಿದವ. ಕೆಲಸ ಬಿಟ್ಟ ದಿನವೇ ಸಂಜೆ ಚಹಾ ಕುಡಿಯುತ್ತ ಘೋಷಣೆ ಮಾಡಿದ: "ಇಷ್ಟ ದಿನ ರೋಣ, ನರಗುಂದ ಅಂತ ತಿರಿಗೀನಿ. ಇನ್ನ ಮ್ಯಾಲ ಬರೇ ಪರದೇಶ!" ನರಗುಂದಕ್ಕೆ ಬಸ್ಸಿನಲ್ಲಿ ಹೋಗುವಾಗಲೇ ಹೊಟ್ಟೆ ತೊಳಸಿ, ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತ ಹೋಗುವ ಮನುಷ್ಯ ಇವನು. ಸರಕು ಮಾತ್ರ ಹೋಗಲಿ, ತಾನು ಹೋಗಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಪರದೇಶದ ವ್ಯಾಪಾರ ಅವನಿಗೆ ಒಗ್ಗಿತು ಎಂದು ನನಗೆ ಈಗಲೂ ಅನುಮಾನ.

ಮೊದಲ ಪ್ರಯೋಗ ಕಡಕ್ ರೊಟ್ಟಿಯದು. ಯಾರದೋ ಪರಿಚಯ ಹಿಡಿದು ಕೀನ್ಯಾ ದೇಶಕ್ಕೆ ಐವತ್ತು ರೊಟ್ಟಿ ಅಂಚೆಯಲ್ಲಿ ಕಳಿಸಿದ. ಸಮುದ್ರ ದಾಟಿ ಅಲ್ಲಿ ಮುಟ್ಟುವ ಹೊತ್ತಿಗೆ ಐವತ್ತೂ ಪುಡಿಯಾಗಿದ್ದವು. ಆ ಪುಣ್ಯಾತ್ಮರು "ನಿಮ್ಮ ಪುಡಿ ರುಚಿಯಾಗಿದೆ, ಇದನ್ನು ಯಾವುದರ ಜೊತೆ ಕಲಸಿ ತಿನ್ನಬೇಕು?" ಎಂದು ಕೇಳಿದರು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂಡುತ್ತಿದ್ದರು. ಕಾಕಾ ಓಣಿಗೆಲ್ಲ ಬೆಲ್ಲ ಹಂಚಿದ. "ರೊಟ್ಟಿ ಎಕ್ಸ್‌ಪೋರ್ಟ್ ಫೇಲಾತು, ಖರೇ. ಆದ್ರ ಪುಡಿ ಎಕ್ಸ್‌ಪೋರ್ಟ್ ಪಾಸಾತಲ್ಲ!"

ಆಮೇಲೆ ರೊಟ್ಟಿ ಬಿಟ್ಟು ಕೌದಿಯ ವ್ಯಾಪಾರ ಹಿಡಿದ. ಇನ್ನು ಅವನ ವೇಷ. ಬಿಳಿ ಅಂಗಿ, ಆ ಅಂಗಿಯ ಎದೆಯ ಮೇಲೆ ಹತ್ತು ಹದಿನೈದು ಸೂಜಿ! ಒಂದೊಂದಕ್ಕೂ ಕೆಂಪು, ಹಸಿರು, ಬಿಳಿ ದಾರ ಪೋಣಿಸಿ ಇಳಿಬಿಟ್ಟಿರುತ್ತಾನೆ. ಇಟಗಿಯ ಒಂದು ಮದುವೆಯಲ್ಲಿ ಬೀಗರು ಪ್ರೀತಿ ಉಕ್ಕಿ ಬಂದು ಅವನನ್ನು ಬಾಚಿ ತಬ್ಬಿಕೊಂಡವರು "ಯವ್ವಾ!" ಎಂದು ಕಣ್ಣೀರು ಹಾಕಿದರು. ಮಂದಿಯೆಲ್ಲ ಎಂಥಾ ಬೀಗತನ ನೋಡ್ರಿ ಎಂದು ಕೊಂಡಾಡಿದರು. ಆ ಪ್ರಸಂಗವನ್ನು ನಾನು ಕಲಿಸುವ ರೋಣದ ಶಾಲೆಯ ಮಾಸ್ತರರ ಕೋಣೆಯಲ್ಲಿ ಅಭಿನಯ ಮಾಡಿ ತೋರಿಸಿ, ಎಷ್ಟೋ ಸಲ ಚಹಾ ಗಿಟ್ಟಿಸಿದ್ದೇನೆ.

"ಏನ ಕಾಕಾ ಇದು, ದರ್ಜಿ ಅಂಗಡಿ ತಗದೀಯೇನ?" ಎಂದು ಒಮ್ಮೆ ಕೇಳಿದೆ.

"ಸ್ಯಾಂಪಲ್ ಅವು. ಎಕ್ಸ್‌ಪೋರ್ಟ್ ಮಾಡಾವನ ಮೈಮ್ಯಾಲ ಸ್ಯಾಂಪಲ್ ಇರಬೇಕು. ನಿನಗೆಲ್ಲಿ ತಿಳಿತೈತಿ, ಸಾಲಿ ಮಾಸ್ತರ!"

"ಮಾರೂದು ಕೌದಿ. ಸೂಜಿ ಸ್ಯಾಂಪಲ್ ಯಾಕ?"

"ವ್ಯಾಪಾರದ ಗುಟ್ಟ ಎಲ್ಲಾರ ಮುಂದ ಬಿಚ್ಚಿಡಬಾರದು" ಎಂದು ಅತ್ತಿತ್ತ ನೋಡಿ ದನಿ ಇಳಿಸಿದ. ಅಲ್ಲಿ ನಾನು ಮತ್ತು ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ.

ಕೌದಿ ಹೊಲಿಯುವವಳು ಅವನ ಹೆಂಡತಿ, ನಮ್ಮ ಚಿಗವ್ವ. ಹಳೆ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಇರುವೆ ಸಾಲಿನಂಥ ಹೊಲಿಗೆ ಹಾಕಿ ಅವಳು ಮಾಡಿದ ಕೌದಿ ಹೊದ್ದವರು ಬೆಳಿಗ್ಗೆ ಏಳಲು ಒಪ್ಪುವುದಿಲ್ಲ. ಕಡಿಮೆ ಮಾತಿನವಳು. ಈಚೆಗಂತೂ ನಾನು ಹೋದರೆ ನಾನೇ ಮಾತಾಡಿಸುವ ತನಕ "ಯಾರಪಾ ಅದು?" ಎನ್ನುತ್ತಾಳೆ. ವಯಸ್ಸಾಯಿತು ಎಂದುಕೊಂಡಿದ್ದೆ. ಅವಳು ಹೊಲಿಯಲು ಕೂತರೆ ಕಾಕಾನೂ ಪಕ್ಕದಲ್ಲಿ ಕೂತ ಎಂದೇ ಲೆಕ್ಕ. ಅದಕ್ಕೆ 'ಇನ್‌ಸ್ಪೆಕ್ಷನ್' ಎಂದು ಹೆಸರು! ದಾರ ಮುಗಿಯಿತೋ, ಅವಳ ಕೈಯ ಖಾಲಿ ಸೂಜಿ ಕಸಿದುಕೊಂಡು ತನ್ನ ಎದೆಯಿಂದ ಒಂದು ಕಿತ್ತು ಕೊಡುತ್ತಾನೆ. "ಲಗೂ ಲಗೂ! ಟೈಮ್ ವೇಸ್ಟ್ ಆಗಬಾರದು!" ಇಂಥ ಕಾಟ ಕೊಡುವ ಗಂಡನ ಜೊತೆ ಚಿಗವ್ವ ಹೇಗೆ ಬಾಳುವೆ ಮಾಡುತ್ತಾಳೋ ಎಂದು ನಾವೆಲ್ಲ ಮರುಗುತ್ತಿದ್ದೆವು.

ನ್ಯೂಜಿಲೆಂಡು ಗಂಟುಬಿದ್ದದ್ದು ಸೂಡಿಯಲ್ಲಿ. ಅಲ್ಲಿಯ ಹಳೆ ಗುಡಿಗಳನ್ನು ನೋಡಲು ಆ ದೇಶದ ಒಬ್ಬ ವಯಸ್ಸಾದ ಹೆಣ್ಣುಮಗಳು, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ಬಂದಿದ್ದರು. ಸೂಡಿಯ ನಮ್ಮ ಬೀಗರ ಮನೆಯ ಗೋಡೆಗೆ ಚಿಗವ್ವ ಹೊಲಿದ ಕೌದಿ ಒಣಹಾಕಿತ್ತು. ಬಾಯಾರು ಗುಡಿ ಬಿಟ್ಟು ಕೌದಿ ನೋಡುತ್ತ ನಿಂತರು. ತಮ್ಮೂರಲ್ಲಿ ಅವರದೊಂದು ಹಾಸಿಗೆ ಹೊದಿಕೆಯ ಸಣ್ಣ ಅಂಗಡಿಯಂತೆ. ಆ ದಿನ ಕಾಕಾನ ಗಾಡಿಯ ಹಿಂದೆ ಕೂತು ಹೋಗಿದ್ದ ನಾನು ಇಂಗ್ಲಿಷ್ ಮಾಸ್ತರನಾದ ತಪ್ಪಿಗೆ ದುಭಾಷಿಯಾದೆ. ಅರ್ಧ ತಾಸಿನಲ್ಲಿ ಹನ್ನೆರಡು ಕೌದಿಗೆ ಆರ್ಡರ್ ಆಯಿತು!

ಮರುದಿನವೇ ಕಾಕಾನ ಗೋಡೆಗೆ ಎರಡು ಗಡಿಯಾರ ಬಂದವು. ಒಂದು ಗಜೇಂದ್ರಗಡದ್ದು, ಇನ್ನೊಂದು ನ್ಯೂಜಿಲೆಂಡಿನದು. ಪಕ್ಕದ ಮನೆಯ ಯಜಮಾನರು ಮಧ್ಯಾಹ್ನ ಬಂದು ತಪ್ಪು ಗಡಿಯಾರ ನೋಡಿ, ರೋಣದ ಕೊನೆಯ ಬಸ್ಸೂ ಹೋಯಿತೆಂದು ಚೀಲ ಹೊತ್ತು ಮನೆಗೆ ಮರಳಿ ಮಲಗಿಬಿಟ್ಟರು. ಬೇಸಿಗೆ ಬಂದರೆ ಆ ದೇಶದವರು ಗಡಿಯಾರವನ್ನು ಒಂದು ತಾಸು ಮುಂದೆ ಇಡುತ್ತಾರೆ ಎಂದು ತಿಳಿದಾಗಂತೂ ಕಾಕಾ ಕಂಗಾಲಾದ. "ದೇಶಕ್ಕ ದೇಶಾನ ಒಂದ ತಾಸು ಕಳಕೊಂಡೈತಿ, ಒಬ್ಬರಾದ್ರೂ ಹುಡುಕಾಕ ಹೋಗ್ಯಾರೇನ?"

"ಬರೇ ಸರಕು ಕಳಿಸಿದ್ರ ಅದು ಪಾರ್ಸಲ್" ಎನ್ನುವುದು ಅವನ ಸಿದ್ಧಾಂತ. "ಸರಕಿನ ಜೋಡಿ ಸೇವಾನೂ ಕೊಟ್ರ ಅದಕ್ಕ ವ್ಯಾಪಾರ ಅಂತಾರ." ಹಾಗಾಗಿ ಕೌದಿಯ ಜೊತೆ ಕಳಿಸಲು ಸೂಚನಾಪತ್ರ ಸಿದ್ಧವಾಯಿತು. ಅವನು ಹೇಳಿದ, ನಾನು ಇಂಗ್ಲಿಷಿನಲ್ಲಿ ಬರೆದೆ. ಒಗೆಯುವುದಾದರೆ ಹೊಳೆಗೆ ಒಯ್ದು ಬಂಡೆಗೆ ಬಡಿಯತಕ್ಕದ್ದು, ಆದರೆ ಕೊಣ್ಣೂರಿನ ಸೇತುವೆ ಮುಳುಗುವಷ್ಟು ಹೊಳೆ ಬಂದಾಗ ಬೇಡ. ಬೆಕ್ಕು ಕೌದಿಯ ಮೇಲೆ ಮರಿ ಹಾಕಿದರೆ ಕಣ್ಣು ಬಿಡುವವರೆಗೂ ಎಬ್ಬಿಸಬಾರದು. ಗಂಡ ಹೆಂಡತಿ ಜಗಳಾಡಿದಾಗ ಎರಡು ಕೌದಿ ಕೇಳಬಾರದು, ಸ್ಟಾಕ್ ಇಲ್ಲ.

ಹೊಲಿಗೆಯಲ್ಲಿ ಮಾತ್ರ ಅವನದು ವಿಪರೀತ ಅವಸರ. ಬಾಯಾರು ಒಂದು ವರ್ಷ ಸಮಯ ಕೊಟ್ಟಿದ್ದರೆ ಇವನು ಆರೇ ತಿಂಗಳಲ್ಲಿ ಮುಗಿಸಬೇಕೆಂದು ಕುಣಿದ. "ಯಾಕ ಕಾಕಾ ಇಷ್ಟ ಗಡಿಬಿಡಿ?" ಎಂದರೆ ಅಂಗಿಯ ಸೂಜಿಗಳನ್ನು ಎಣಿಸುತ್ತಿದ್ದ. ಕೊನೆಗೂ ಹನ್ನೆರಡು ಕೌದಿ ಮೂರು ಗಂಟಾಗಿ ಹೊರಟವು. ಕಳಿಸುವ ಫಾರ್ಮು ತುಂಬಿದವನು ನಾನು. 'ಇದರಲ್ಲಿ ಆಹಾರ ಪದಾರ್ಥವೇನಾದರೂ ಇದೆಯೇ?' ಎಂಬಲ್ಲಿ ದಪ್ಪ ಅಕ್ಷರದಲ್ಲಿ 'ಇಲ್ಲ' ಎಂದು ಬರೆದೆ. ಹೊದಿಕೆಯಲ್ಲಿ ಆಹಾರವಂತೆ, ಎಂಥಾ ಹುಚ್ಚು ಪ್ರಶ್ನೆ ಎಂದು ನಕ್ಕೆ ಕೂಡ!

ತಿಂಗಳ ಮೇಲೆ ಬಾಯಾರ ಸಂದೇಶ ಬಂತು. ಅಲ್ಲಿಯ ತಪಾಸಣೆಯವರು ಗಂಟು ತಡೆದಿದ್ದಾರೆ. ಹನ್ನೆರಡು ಹೊದಿಕೆಗಳ ನಟ್ಟನಡುವೆ ಹನ್ನೆರಡು ತುಂಡು ಧಾನ್ಯದ ಪದಾರ್ಥ ಸಿಕ್ಕಿದೆ. ಕಾಳುಕಡಿಯಿಂದ ಹುಳ ಬಂದು ತಮ್ಮ ಬೆಳೆಗೆ ಹತ್ತಬಾರದೆಂದು ಅಲ್ಲಿ ಕಾಯಿದೆ ಭಾಳ ಬಿಗಿ. ಹೊಲಿಗೆ ಬಿಚ್ಚಿ ಅದನ್ನು ತೆಗೆಯಲು ಒಪ್ಪಬೇಕು, ಇಲ್ಲವೇ ಎಲ್ಲ ವಾಪಸ್.

ನಾನು ಹಣೆ ಬಡಿದುಕೊಂಡೆ. ರೊಟ್ಟಿ! ನಮ್ಮ ಮನೆತನದಲ್ಲಿ ಕೌದಿಯ ಹೊಲಿಗೆ ಮುಗಿಸುವ ಮೊದಲು ನಡುವೆ ಒಂದು ಚೂರು ರೊಟ್ಟಿ, ಚಿಟಿಕೆ ಬೆಲ್ಲ ಇಟ್ಟು ಮೇಲೊಂದು ತೇಪೆ ಹಾಕುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹುಟ್ಟಿದಾಗಿನಿಂದ ಅಂಥ ಕೌದಿ ಹೊದ್ದು ಮಲಗಿದ ನನಗೇ ಅದು ಆಹಾರ ಎಂದು ಹೊಳೆದಿರಲಿಲ್ಲ! ಕಾಕಾನ ವಾದವೂ ಅದೇ. "ಅದು ನಾವು ತಿನ್ನೂದಲ್ಲ, ಕೌದಿ ಉಣ್ಣೂದು. ಹಂಗಂತ ಬರಿ ಅವರಿಗೆ!"

ಆದರೆ ಚಿಗವ್ವ ನಗಲಿಲ್ಲ. "ಉಣ್ಣಾಕ ಕುಂತ ಕೂಸಿನ ಬಾಯಾಗಿಂದ ತುತ್ತ ಕಸಗೋತಾರೇನ? ಹಸದ ಕೌದಿ ಯಾರಿಗೂ ಬೆಚ್ಚಗ ಮಾಡೂದಿಲ್ಲ. ಹೊಟ್ಟಿ ಬಗದ ಕೌದಿ ಅಲ್ಲೆ ಇರೂದು ಬ್ಯಾಡ. ವಾಪಸ್ ತರಸ್ರಿ. ಅಷ್ಟಕ್ಕ ಸಾಕು, ಇನ್ನ ಮ್ಯಾಲ ನಾ ಸೂಜಿ ಮುಟ್ಟೂದಿಲ್ಲ."

ಕಾಕಾನ ಮುಖ ಬಿಳಿಚಿತು. ರೊಟ್ಟಿ ಪುಡಿಯಾದಾಗ ಬೆಲ್ಲ ಹಂಚಿದ ಮನುಷ್ಯ, ಅಂದು ಜೋಳದ ಚೀಲ ಬಿಟ್ಟು ಎದ್ದ. ನನ್ನನ್ನು ಹೊರಗೆ ಕರೆದು, "ತಮ್ಮಾ, ಕೌದಿ ಹಾಳಾಗಿ ಹೋಗಲಿ. ಆಕಿ ಸೂಜಿ ಬಿಡಬಾರದು ನೋಡ. ಏನರ ಮಾಡು" ಎಂದ. ವ್ಯಾಪಾರದ ಹುಚ್ಚು ಇಷ್ಟು ಏರಿತಲ್ಲ ಎಂದು ನನಗೆ ಸಿಟ್ಟೇ ಬಂತು.

ಏನಾದರೂ ಮಾಡಿದವನು ನಾನಲ್ಲ, ಅವನೇ. ಮರುದಿನ ಬೆಳಿಗ್ಗೆ ಫೋನ್ ಮಾಡಿ ಒದರಿದ: "ಸಿಕ್ತು! ಸರಕು ನಮ್ಮದು, ಸೇವಾ ಅವರದು! ನಮ್ಮ ರೊಟ್ಟಿ ಅಲ್ಲೆ ಹೋಗಬಾರದು ಹೌದಲ್ಲೊ? ಬಾಯಾರು ತಮ್ಮ ಮನಿ ರೊಟ್ಟಿ ಇಟ್ಟು ಕೌದಿ ಹೊಟ್ಟಿ ತುಂಬಸಲಿ! ಹೊಲಿಯೂದು ನಿಮ್ಮ ಚಿಗವ್ವ ಫೋನಿನ್ಯಾಗ ಕಲಸ್ತಾಳ!"

ಚಿಗವ್ವ ಒಂದು ದಿನವಿಡೀ ಯೋಚಿಸಿ, "ಯಾರ ಮನಿಗೆ ಹೋಗ್ಯಾವೊ ಅವರ ಮನಿ ಅನ್ನ ಉಣ್ಣೂದು ಧರ್ಮ ಐತಿ" ಎಂದು ಒಪ್ಪಿದಳು. ಬಾಯಾರು ಕುಣಿದಾಡಿ ಒಪ್ಪಿದರು. ತಪಾಸಣೆಯವರು ತುಂಡು ತೆಗೆದು ಕೌದಿ ಕೊಟ್ಟರು. ಕಾಕಾ ಕೆಂಪು ಬಟ್ಟೆಯ ತುಂಡಿಗೆ ಹನ್ನೆರಡು ಸೂಜಿ ಚುಚ್ಚಿ ಅಂಚೆಗೆ ಹಾಕಿದ. ಅವು ಮುಟ್ಟಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ ಚಿಗವ್ವ ರೊಟ್ಟಿ ಮುಟ್ಟಲಿಲ್ಲ, ಬರೀ ಅನ್ನ ಉಂಡಳು. "ಹನ್ನೆರಡು ಕೌದಿ ಪರದೇಶದಾಗ ಉಪಾಸ ಕುಂತಾವ, ನನಗ ಹ್ಯಾಂಗ ರೊಟ್ಟಿ ಇಳೀತೈತಿ?" ಕಾಕಾನೂ ಅವಳ ಜೊತೆ ವ್ರತ ಹಿಡಿದ. ವ್ರತ ಹಿಡಿದವನು ದಿನಾ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಗೆ ಆ ದಿನ ಬಂತು. ನಮ್ಮ ಗಡಿಯಾರದಲ್ಲಿ ಬೆಳಗಿನ ಹತ್ತು, ಅವರದರಲ್ಲಿ ಸಂಜೆ. ನಾನು ಫೋನ್ ಹಿಡಿದು ಕೂತೆ. ಚಿಗವ್ವ ತೋರಿಸಿಕೊಡಲು ತೊಡೆಯ ಮೇಲೆ ಒಂದು ಹೊಸ ಕೌದಿ ಹರವಿಕೊಂಡಿದ್ದಳು. ಪಕ್ಕದಲ್ಲಿ ಎದೆ ತುಂಬ ಸೂಜಿಯ ಕಾಕಾ, ಇನ್‌ಸ್ಪೆಕ್ಷನ್ನಿಗೆ. ಬಾಯಾರು ತಾವೇ ಸುಟ್ಟ ಬ್ರೆಡ್ಡಿನ ಚೂರು ತೋರಿಸಿದರು. ಬೆಲ್ಲ ಇರಲಿಲ್ಲ, ಜೇನುತುಪ್ಪ ಸವರಿದ್ದರು. ಚಿಗವ್ವ ಪರದೆಯನ್ನು ನೋಡಲೇ ಇಲ್ಲ. ಕಿವಿ ಮಾತ್ರ ಇತ್ತ ಕೊಟ್ಟು, ಕೌದಿಯ ಮೇಲೆ ಬೆರಳಾಡಿಸುತ್ತ, "ಇಟ್ರೇನ? ಈಗ ಮೂಲಿಯಿಂದ ಹಿಡೀರಿ. ಸಣ್ಣ ಹೊಲಿಗಿ ಹಾಕ್ರಿ" ಎಂದು ಹೇಳುತ್ತ ಹೋದಳು, ನಾನು ಇಂಗ್ಲಿಷಿಗೆ ಹಾಕುತ್ತ ಹೋದೆ.

ಮೊದಲ ಕೌದಿಯ ಹೊಟ್ಟೆ ಮುಚ್ಚಿತು. "ಉಂಡ್ತಾ?" ಎಂದಳು ಚಿಗವ್ವ. ಬಾಯಾರು ಹೌದೆಂದರು. ಆಮೇಲೆ ಸೂಜಿ ಎತ್ತಿ ಹಿಡಿದು ಏನೋ ಕೇಳಿದರು.

"ಚಿಗವ್ವಾ, ಅವರಿಗೆ ಕಣ್ಣು ಸರಿ ಕಾಣೂದಿಲ್ಲಂತ. ಸೂಜಿ ಹ್ಯಾಂಗ ಪೋಣಸೂದು ಅಂತ ಅಂಜಿದ್ರಂತ. ನೋಡಿದ್ರ ಹನ್ನೆರಡಕ್ಕೂ ದಾರ ಹಾಕೇ ಬಂದಾವು. ಯಾರು ಹಾಕಿದ್ದು ಅಂತ ಕೇಳಾಕತ್ತಾರ."

"ಕಂಪನಿ ಸರ್ವಿಸ್ ಅಂತ ಹೇಳ!" ಎಂದ ಕಾಕಾ, ಅವಸರ ಅವಸರವಾಗಿ.

"ಇವರ ಹಾಕಿದ್ದು ಅಂತ ಹೇಳ ತಮ್ಮಾ" ಎಂದಳು ಚಿಗವ್ವ, ಹೊಲಿಗೆ ನಿಲ್ಲಿಸದೆ. "ನನ್ನ ಸೂಜಿಗೂ ಇವರ ಹಾಕ್ತಾರ, ಎರಡು ವರ್ಷ ಆತು. ಹುಬ್ಬಳ್ಳಿ ದವಾಖಾನ್ಯಾಗ ಡಾಕ್ಟರು ಇವರನ್ನ ಹೊರಗ ಕರದು ಹೇಳಿದ್ದು ನನಗೂ ಕೇಳಿಸೇತಿ. ಸಕ್ಕರಿ ಬ್ಯಾನಿ ಕಣ್ಣ ತಿಂದೈತಿ, ಹೋದದ್ದು ತಿರುಗಿ ಬರೂದಿಲ್ಲ ಅಂದ್ರು. ಕಣ್ಣ ಹೋದ್ರೇನಾತು, ಕಿವಿ ಅದಾವಲ್ಲ? ನನಗ ಕಾಣೂದಿಲ್ಲ ಅನ್ನೂದು ಇವರಿಗೆ ಗೊತ್ತು. ಇವರಿಗೆ ಗೊತ್ತೈತಿ ಅನ್ನೂದು ನನಗ ಗೊತ್ತಿಲ್ಲ ಅಂತ ತಿಳಕೊಂಡು, ಎದಿ ತುಂಬ ಸೂಜಿ ಚುಚಗೊಂಡು ಊರ ಮಂದಿ ಕಡೆ ನಗಿಸಿಕೋತ ತಿರಗ್ತಾರ."

ನಾನು ಆ ಮಾತನ್ನು ಇಂಗ್ಲಿಷಿಗೆ ಹಾಕಲಿಲ್ಲ. ಆ ಅಂಗಿಯನ್ನು ಅಭಿನಯ ಮಾಡಿ ಚಹಾ ಕುಡಿದವನು ನಾನು. ಗೋಡೆಯ ಮೇಲೆ ಎರಡೂ ಗಡಿಯಾರ ಟಿಕ್ ಟಿಕ್ ಎನ್ನುತ್ತಿದ್ದವು. ಅತ್ತ ಬಾಯಾರು ಏನೂ ತಿಳಿಯದೆ ಕಾಯುತ್ತಿದ್ದರು.

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ. ಅತ್ತಲೇ ನೋಡುತ್ತ, "ಅವು... ಸ್ಯಾಂಪಲ್" ಎಂದ.

"ಹೌದ್ರಿ, ಸ್ಯಾಂಪಲ್ಲ" ಎಂದಳು ಚಿಗವ್ವ, ಅವನಿದ್ದ ಕಡೆ ಕೈ ಚಾಚಿ. "ನಂದು ದಾರ ಮುಗೀತು. ಇನ್ನೊಂದ ಕೊಡ್ರಿ ಇಲ್ಲೆ."