ಪೆಟ್ರೋಲ್ ಮುಗಿಸಿದ ಮಾವ

ಲೋಕಕ್ಕೆಲ್ಲ ಪೆಟ್ರೋಲ್ ಇನ್ನೂ ಸಿಗುತ್ತಿದೆ. ನನ್ನ ಸೋದರಮಾವನ ಪಾಲಿಗೆ ಮಾತ್ರ ಅದು ಮುಗಿದು ಮೂರು ವರ್ಷವಾಯಿತು! ಬಂಕಿನ ಮುಂದೆ ಹಾದುಹೋಗುವಾಗಲೆಲ್ಲ ಸಾವಿನ ಮನೆ ಕಂಡವನಂತೆ ಮುಖ ಮಾಡುತ್ತಾನೆ. ಇವನೇನು ವಿಜ್ಞಾನಿಯೇ? ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದವನು. ಗಣಿ ಮುಚ್ಚಿದರೂ ಚಾಂಪಿಯನ್ ರೀಫ್ಸ್‌ನ ಕೂಲಿ ಲೈನಿನ ಸಾಲುಮನೆಗಳಲ್ಲಿ ಅದೇ ಮನೆಗೆ ಅಂಟಿಕೊಂಡಿದ್ದಾನೆ.

"ಚಿನ್ನಾನೂ ನೆಲದೊಳಗಿಂದ್ಲೇ ಬತ್ತಿತ್ತು, ಪೆಟ್ರೋಲೂ ನೆಲದೊಳಗಿಂದ್ಲೇ ಬತ್ತದೆ. ಅದು ಮುಗೀತು, ಇದು ಮುಗಿಯಲ್ವೇನ್ಲಾ?" ಎನ್ನುತ್ತಾನೆ. ಇದಕ್ಕೆ ಏನು ಉತ್ತರ ಕೊಡುತ್ತೀರಿ? ಕೊಟ್ಟರೂ ಕೇಳುವವರ್ಯಾರು?

ನನ್ನ ಮಗಳ ನಾಮಕರಣಕ್ಕೆ ಬಂಗಾರಪೇಟೆಗೆ ಸೈಕಲ್ ತುಳಿದುಕೊಂಡು ಬಂದ. ಬರುವ ಹೊತ್ತಿಗೆ ಕೊನೇ ಪಂಕ್ತಿಯ ಎಲೆಯೂ ಎತ್ತಿಯಾಗಿತ್ತು. "ಮುಂದೆ ಎಲ್ರೂ ಇಂಗೇ ಬತ್ತಾರೆ ಕಣ್ಲಾ" ಎಂದು ಏದುಸಿರು ಬಿಟ್ಟ. ಎಲ್ಲರೂ ಹೀಗೇ ಬಂದರೆ ಮಾಡಿದ ಅಡುಗೆ ಉಣ್ಣುವವರ್ಯಾರು ಮಹರಾಯ! ವಾಪಸ್ ಹೋಗುವಾಗ ಸೈಕಲ್ ನಮ್ಮ ಅಂಗಳದಲ್ಲೇ ಬಿಟ್ಟು ರೈಲು ಹತ್ತಿದ. "ರೈಲು ಕರೆಂಟ್‌ನಾಗೆ ಓಡ್ತದೆ, ತೆಪ್ಪಿಲ್ಲ." ಆ ಕರೆಂಟನ್ನು ಕಲ್ಲಿದ್ದಲು ಸುಟ್ಟು ಮಾಡುತ್ತಾರೆಂದು ನಾನು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಪುಣ್ಯಾತ್ಮ ನಡೆದೇ ಹೋಗುತ್ತಿದ್ದ.

ಆಮೇಲೆ ಹತ್ತಿದ್ದು ಗೋಬರ್ ಗ್ಯಾಸಿನ ಹುಚ್ಚು. ಲೈನಿನ ಎಂಟು ಮನೆಗೂ ಒಂದೇ ಗ್ಯಾಸು, ಒಂದೇ ತರಕಾರಿ ತೋಟ! ಸಿಲಿಂಡರ್ ಬರುವುದು ನಿಂತಾಗ ಈ ಎಂಟು ಮನೆ ಮಾತ್ರ ಬದುಕಿಕೊಳ್ಳಬೇಕಂತೆ. ಆದರೆ ಇಡೀ ಲೈನಿಗೆ ಹುಡುಕಿದರೂ ಒಂದು ಹಸುವಿಲ್ಲ. ಸಗಣಿ ನಮ್ಮ ಕೊಟ್ಟಿಗೆಯಿಂದ ಹೋಗಬೇಕು. ಯಾವುದರಲ್ಲಿ? ಆಟೋದಲ್ಲಿ! ಪೆಟ್ರೋಲ್ ಆಟೋದಲ್ಲಿ! "ಇದೊಂದ್ಸಲ ಕಣ್ಲಾ" ಎನ್ನುತ್ತ ಆರು ಸಲ ಒಯ್ದ. ಅತ್ತೆ ಬಾಗಿಲಲ್ಲೇ ತಡೆದಳು. "ಇಪ್ಪತ್ತೈದು ವರ್ಸ ಗಣಿ ದೂಳ್ನ ಒಗ್ದೆ. ಇನ್ನು ಸಗಣಿ ಬ್ಯಾರೆ ಒಗೀಬೇಕಾ? ನನ್ ಕೈಲಾಗಲ್ಲ!"

ಗ್ಯಾಸಿನ ಮೇಸ್ತ್ರಿ ಎಂಟಡಿ ಗುಂಡಿ ತೋಡಿಡಿ ಎಂದು ಹೇಳಿಹೋದ. ತೋಡಲು ಇಳಿದವರು ಮಾವ ಮತ್ತು ಪಕ್ಕದ ಮನೆಯ ಮಣಿಯಣ್ಣ. ಇಬ್ಬರೂ ಗಣಿಯಲ್ಲಿ ಒಂದೇ ಗ್ಯಾಂಗಿನವರು. ಗಣಿಯವರ ಕೈಗೆ ಗುದ್ದಲಿ ಕೊಟ್ಟು ಎಂಟಡಿಗೆ ನಿಲ್ಲಿ ಎಂದರೆ ನಿಲ್ಲುತ್ತಾರೆಯೇ? ವಾರ ಬಿಟ್ಟು ಮೇಸ್ತ್ರಿ ಬಂದು ಬಗ್ಗಿ ನೋಡಿದರೆ ಇಪ್ಪತ್ತಡಿ! ಗೋಡೆ ಕುಸಿಯದಂತೆ ಸುತ್ತ ಮರದ ಆಸರೆ ಕೊಟ್ಟಿದ್ದಾರೆ, ಇಳಿಯಲು ಏಣಿ ಕಟ್ಟಿದ್ದಾರೆ. "ಇದ್ರಾಗೆ ಗ್ಯಾಸ್ ಬರಲ್ಲ ಸಾಮಿ, ಚಿನ್ನ ಬಂದ್ರೆ ನಂಗೂ ಏಳಿ" ಎಂದು ಮೇಸ್ತ್ರಿ ಹೊರಟೇಹೋದ.

ಸುದ್ದಿ ಕೇಳಿ, ನಗುವುದಕ್ಕೆಂದೇ ನಾನು ಹೋದೆ. ಮಣಿಯಣ್ಣ ಗುಂಡಿಯೊಳಗೆ ನಿಂತು ಮಣ್ಣು ತುಳಿದು ಗಟ್ಟಿಮಾಡುತ್ತಿದ್ದ, ಮಾವ ಮೇಲಿನಿಂದ ಬುಟ್ಟಿಬುಟ್ಟಿ ಮಣ್ಣು ಸುರಿಯುತ್ತಿದ್ದ. ಇನ್ನು ಹನ್ನೆರಡಡಿ ಮುಚ್ಚಬೇಕಲ್ಲ!

"ಮಾವಾ, ಪೆಟ್ರೋಲ್ ಮುಗಿಯೋ ಒತ್ಗೆ ನೀನೇ ಇರಲ್ಲ. ನಿಂಗ್ಯಾಕೆ ಈ ಉಸಾಬರಿ?" ಎಂದೆ.

ಅವನು ಬುಟ್ಟಿ ಕೆಳಗಿಟ್ಟು ನನ್ನನ್ನು ದೂರಕ್ಕೆ ಕರೆದೊಯ್ದು ದನಿ ತಗ್ಗಿಸಿದ.

"ಗಣಿ ಮುಗೀತದೆ ಅಂತ ಒಳಕ್ ಇಳಿಯೋರ್ಗೆ ಮುಂಚೇನೇ ಗೊತ್ತಿತ್ತು ಕಣ್ಲಾ. ಆಗ ಮಣಿಗೆ ಬೆಂಗ್ಳೂರಾಗೆ ಪರ್ಮನೆಂಟ್ ಕೆಲ್ಸ ಸಿಕ್ಕಿತ್ತು. ಓಗ್ಲಾ ಅಂತ ನನ್ನೇ ಕೇಳ್ದ. ಗಣಿ ಎಲ್ಗೂ ಓಗಲ್ಲ, ಸುಮ್ಕಿರು ಅಂದೆ. ಜೊತೆಗಾರ ಬಿಟ್ಟೋಯ್ತಾನೆ ಅಂತ ಅಂಗಂದೆ. ನನ್ ಮಾತ್ ಕೇಳಿ ಉಳ್ಕಂಡ."

ಮಣಿಯಣ್ಣ ಈ ವಯಸ್ಸಿನಲ್ಲೂ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ವಾಚ್‌ಮನ್ ಕೆಲಸಕ್ಕೆ ಹೋಗುವುದು ನನಗೆ ಗೊತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ.

"ಯಾಕಂಗಂದೆ ಅಂತ ಇವತ್ತಿನ್ವರ್ಗೂ ಒಂದ್ ಮಾತ್ ಕೇಳಿಲ್ಲ. ಇನ್ನೊಂದ್ಸಲ, ಮುಗೀತದೆ ಅಂತ ಗೊತ್ತಿದ್ದೂ ಬಾಯ್ ಮುಚ್ಕಂಡಿರ್ಲಾ?"

ನಗಲು ಬಂದಿದ್ದಕ್ಕೆ ನನಗೆ ನಾಚಿಕೆಯಾಯಿತು. ಇನ್ನೊಂದು ಬುಟ್ಟಿಗೆ ಮಣ್ಣು ತುಂಬಿ ಕೊಟ್ಟೆ. ಮಾವ ಅದನ್ನು ಎತ್ತಿಕೊಂಡು ಗುಂಡಿಯ ಅಂಚಿಗೆ ಹೋಗಿ ಬಗ್ಗಿದ.

"ಮಣೀ, ಪಕ್ಕಕ್ ನಿಂತ್ಕಂಡ್ಯಾ?"

ಕೆಳಗಿನಿಂದ ದನಿ ಬರಲಿಲ್ಲ. ಮತ್ತೆ ಕೇಳಿದ. "ನಿಂತೆ, ಆಕು" ಎಂದು ಮಣಿಯಣ್ಣ ಕೂಗುವವರೆಗೂ ತುಂಬಿದ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಇದ್ದ.