ಕುರಿಮರಿ ತಣ್ಣಗಾಗುತ್ತಿದೆ ಎಂದು ಕೂಗಿದ ಮಹನೀಯರಿಗೆ

ಮಾನ್ಯರೇ,

ತಮ್ಮ ಹೆಸರು ತಿಳಿಯದು, ಮುಖ ಕಂಡಿಲ್ಲ, ಬದುಕಿದ್ದೀರೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ತಮ್ಮ ಗಂಟಲನ್ನು ಮೂವತ್ತೆಂಟು ವರ್ಷಗಳಿಂದ ದಿನಕ್ಕೊಮ್ಮೆಯಾದರೂ ಕೇಳುತ್ತಾ ಬಂದಿರುವ ನಾನು, ಮರಿತ್ಸಾ ನದಿಯ ಈಚೆ ದಡದಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದ ವೆಲ್ಕೊ, ತಮಗೆ ಬಗ್ಗಿ ನಮಸ್ಕರಿಸುತ್ತೇನೆ. ವಿಳಾಸವಿಲ್ಲದ ಕಾರಣ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಓದುವವರು ಮನ್ನಿಸಬೇಕು. ತಾವು ಮನ್ನಿಸದಿದ್ದರೂ ನಡೆಯುತ್ತದೆ.

1986ರ ಆಗಸ್ಟಿನಲ್ಲಿ ನಮ್ಮ ಪಕ್ಕದೂರಲ್ಲಿ ದೋಬ್ರಿ ಮತ್ತು ಗಿನಾ ಮದುವೆ. ಕ್ಲಾರಿನೆಟ್ ನುಡಿಸಲು ರಂಗೆಲ್ ಬರುತ್ತಾನೆಂದು ಸುದ್ದಿ ಹಬ್ಬಿ, ಕರೆದವರು ಮುನ್ನೂರಾದರೆ ಕರೆಯದೆ ಬಂದವರು ಸಾವಿರ. ನಾನು ಆ ಸಾವಿರದಲ್ಲಿ ಒಬ್ಬ. ಆಗ ಈ ಮದುವೆ ಸಂಗೀತ ಸರ್ಕಾರಕ್ಕೆ ಆಗಿಬರುತ್ತಿರಲಿಲ್ಲ, ರೇಡಿಯೊದಲ್ಲಿ ಬರುತ್ತಿರಲಿಲ್ಲ, ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಮದುವೆಮನೆಯಲ್ಲಿ ಯಾರಾದರೂ ಟೇಪ್ ರೆಕಾರ್ಡರ್ ಇಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂದು ಮದುಮಗನ ಚಿಕ್ಕಪ್ಪ ಧ್ವನಿವರ್ಧಕದ ಕೆಳಗೆ ಕುರ್ಚಿ ಹಾಕಿ ಅದರ ಮೇಲೆ ಇಟ್ಟಿದ್ದ. ಅಷ್ಟು ದೊಡ್ಡ ಅಂಗಳದಲ್ಲಿ ತಾವು ಹುಡುಕಿಕೊಂಡು ಬಂದು ಆ ಕುರ್ಚಿಯ ಪಕ್ಕವೇ ನಿಂತಿರಿ. ರಂಗೆಲ್ ಒಬ್ಬನೇ ನುಡಿಸುತ್ತಾ, ಮೇಲೆ ಮೇಲೆ ಹತ್ತಿ, ಇನ್ನು ಹಾರಬೇಕು ಇಲ್ಲವೇ ಬೀಳಬೇಕು ಎಂಬಲ್ಲಿಗೆ ತಲುಪಿದಾಗ ತಾವು ಕೂಗಿದಿರಿ:

"ಯಾರದ್ರಯ್ಯಾ ಆ ನೀಲಿ ಮಾಸ್ಕ್ವಿಚ್ ಕಾರು? ಗೇಟಿಗೆ ಅಡ್ಡ ನಿಲ್ಸಿದೀರಲ್ಲ, ತೆಗೀರಿ, ಕುರಿಮರಿ ತಣ್ಣಗಾಗ್ತಿದೆ."

ಕಾರು ನನ್ನದು. ಸುಟ್ಟ ಕುರಿಮರಿಗಳ ವ್ಯಾನು ಹೊರಗೆ ಕಾದಿತ್ತು, ಕರೆಯದೆ ಬಂದವನಿಗೆ ಜಗಳಕ್ಕೆ ಬಾಯೆಲ್ಲಿ, ಹೋಗಿ ತೆಗೆದೆ. ವಾಪಸ್ ಬರುವಷ್ಟರಲ್ಲಿ ಮುಗಿದುಹೋಗಿ, ಎಮ್ಮೆಯಂಥ ಗಂಡಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲಿ ಹಾಳಾಗಿ ಹೋಗಿದ್ದೆಯೋ ಎಂದು ಎಲ್ಲರೂ ಕೇಳಿದರು.

ಪರವಾಗಿಲ್ಲ, ಕ್ಯಾಸೆಟ್ಟಿನಲ್ಲಿ ಕೇಳಿದರಾಯಿತು ಅಂದುಕೊಂಡೆ. ಕ್ಯಾಸೆಟ್ಟಿನಲ್ಲಿ ತಾವಿದ್ದೀರಿ. ಸರಿಯಾಗಿ ಆರು ಸೆಕೆಂಡು. ಅದರ ಅಡಿಯಲ್ಲಿ ರಂಗೆಲ್ ಏನು ನುಡಿಸಿದನೆಂದು ತಿಳಿಯದೆ ಸಾಯಬಾರದೆಂದು ನಾನು ಹದಿನಾಲ್ಕು ಪ್ರತಿ ಸಂಗ್ರಹಿಸಿದ್ದೇನೆ. ಒಂದಕ್ಕಾಗಿ ಒಬ್ಬನಿಗೆ ಇಡೀ ಕೋಳಿಗೂಡು ಕಟ್ಟಿಕೊಟ್ಟೆ. ಪ್ರತಿಯ ಪ್ರತಿ, ಆ ಪ್ರತಿಯ ಪ್ರತಿ ಆಗುತ್ತಾ ಕ್ಲಾರಿನೆಟ್ ಸೊಳ್ಳೆಯಾಯಿತು, ಡೋಲು ಬಾಗಿಲು ಬಡಿದಂತಾಯಿತು. ತಮ್ಮ ಧ್ವನಿಯೊಂದು ಮಾತ್ರ ಒಂದಕ್ಷರವೂ ಸವೆಯದೆ ದೇಶದುದ್ದಕ್ಕೂ ತಲುಪಿತು. ಎಂಥ ಉಚ್ಚಾರ, ಎಂಥ ಎದೆ. ಮಂತ್ರಿಗಳ ಭಾಷಣವನ್ನು ಯಾರೂ ಇಷ್ಟು ಸಲ ಹಿಂದಕ್ಕೆ ತಿರುಗಿಸಿ ಕೇಳಿಲ್ಲ.

"ಕಾರು ನಿಂದು, ಅಡ್ಡ ನಿಲ್ಸಿದ್ದು ನೀನು, ಆ ಮನುಷ್ಯಂದೇನು ತಪ್ಪು?" ಎನ್ನುತ್ತಾಳೆ ನನ್ನ ಹೆಂಡತಿ ತ್ಸೋನಾ. ಒಳ್ಳೆಯ ಹೆಂಗಸು, ಸಂಗೀತ ತಿಳಿಯದು.

ಆದ್ದರಿಂದ ನನ್ನ ವಿನಂತಿಯೆಂದರೆ, ತಾವು ದಯವಿಟ್ಟು ಆ ಕೂಗನ್ನು ವಾಪಸ್ ನುಂಗಬೇಕು. ಅದಾಗದಿದ್ದರೆ ನಮ್ಮ ಅಂಗಳಕ್ಕೆ ಬಂದು ಆರು ಸೆಕೆಂಡು ಬಾಯಿ ಮುಚ್ಚಿಕೊಂಡು ನಿಂತರೂ ಸಾಕು. ಆ ಮೌನವನ್ನು ರೆಕಾರ್ಡ್ ಮಾಡಿಕೊಂಡು ಕತ್ತರಿಸಿ ಅಲ್ಲಿಗೆ ಅಂಟಿಸುತ್ತೇನೆ.

ಇನ್ನೂ ಕೇಳಿ. ಕಳೆದ ವರ್ಷ ಒಂದು ಮದುವೆಯಲ್ಲಿ ಇಪ್ಪತ್ತರ ಒಬ್ಬ ವಾದಕ ಅದೇ ರಾಗವನ್ನು ಸ್ವರ ಬಿಡದೆ ನುಡಿಸಿದ. ಆ ಜಾಗ ಬಂತು, ನಾನು ಜನರನ್ನು ತಳ್ಳಿಕೊಂಡು ಮುಂದಕ್ಕೆ ಹೋದೆ. ಅವನು ಕ್ಲಾರಿನೆಟ್ಟನ್ನು ತುಟಿಯಿಂದ ತೆಗೆದ, ಇಡೀ ಮದುವೆಮನೆ ಒಟ್ಟಿಗೆ ತಮ್ಮ ಮಾತನ್ನು ಕೂಗಿತು, ಮದುಮಗಳೂ ಕೂಗಿದಳು, ಅವನು ಮುಂದುವರಿಸಿದ. ಆಮೇಲೆ ಅವನ ಕುತ್ತಿಗೆಪಟ್ಟಿ ಹಿಡಿದು, ಅಲ್ಲಿ ಏನು ನುಡಿಸಬೇಕಿತ್ತು ಎಂದು ಕೇಳಿದೆ. "ಅಲ್ಲೇನೂ ಇಲ್ಲ ತಾತ, ಅಲ್ಲಿ ಕುರಿಮರಿ ಬರುತ್ತೆ" ಅಂದ.

ಇನ್ನು ತಡೆಯಲಾಗಲಿಲ್ಲ. ರಂಗೆಲ್ ಪ್ಲೊವ್‌ದಿವ್‌ನಲ್ಲಿ ಮಗಳ ಮನೆಯಲ್ಲಿದ್ದಾನೆಂದು ಪತ್ತೆ ಮಾಡಿ, ಹೋದ ತಿಂಗಳು ಟೇಪ್ ರೆಕಾರ್ಡರ್, ಹೊಸ ಕ್ಯಾಸೆಟ್, ಪ್ಲಮ್ ಹಣ್ಣಿನಿಂದ ಇಳಿಸಿದ ಒಂದು ಬಾಟಲಿ ರಕಿಯಾ ಸಾರಾಯಿ ಹಿಡಿದು ಹೋದೆ. ಎಂಬತ್ತಮೂರು ವಯಸ್ಸು, ಮೈಯೆಲ್ಲ ಮೂಳೆ, ಬೆರಳು ಮಾತ್ರ ಹಾಗೇ ಇವೆ. ನಾನು ಬಂದ ವಿಷಯ ಅರ್ಧ ಹೇಳುವಷ್ಟರಲ್ಲೇ ಪೆಟ್ಟಿಗೆ ತೆಗೆದ. "ಒಂದೇ ಸಲ ಊದ್ತೀನಿ, ಎರಡನೇ ಸಲಕ್ಕೆ ಎದೇಲಿ ಗಾಳಿ ಇಲ್ಲ" ಅಂದ. ನಾನು ಗುಂಡಿ ಒತ್ತಿದೆ.

ಹತ್ತಿದ, ಮಾನ್ಯರೇ. ಮೆಟ್ಟಿಲು ಮೆಟ್ಟಿಲಾಗಿ, ಅಂದಿನ ಹಾಗೆಯೇ. ತುದಿಗೆ ಬಂದು ನಿಂತ, ನನ್ನ ಕಡೆ ನೋಡಿದ, ಊದಿದ. ಆಗ ನನ್ನ ಬಾಯಿ ತೆರೆಯಿತು. ನಾನು ತೆರೆದದ್ದಲ್ಲ, ಅದೇ ತೆರೆಯಿತು. ಯಾರದ್ರಯ್ಯಾ ಎಂಬಲ್ಲಿಂದ ತಣ್ಣಗಾಗ್ತಿದೆ ಎಂಬವರೆಗೆ, ಕಿಟಕಿಯ ಗಾಜು ನಡುಗುವಂತೆ. ಬಾಯಿ ಮುಚ್ಚಿದಾಗ ರಂಗೆಲ್ ಆ ಕಡೆಯಿಂದ ಇಳಿದಾಗಿತ್ತು.

ಅವನು ನಕ್ಕು ನಕ್ಕು ಕೆಮ್ಮಿದ, ಮಗಳು ನೀರು ತಂದಳು. ಆಮೇಲೆ ನನ್ನ ಎರಡೂ ಕೆನ್ನೆ ಹಿಡಿದು, "ನೀನೇನಾ ಅವತ್ತು ಕೂಗಿದ್ದು? ನೀನು ಸಿಗಬೇಕು ಅಂತ ಎಷ್ಟು ವರ್ಷ ಕಾದೆ ಕಣಯ್ಯಾ. ನೀನು ಕೂಗಿದ ಮೇಲೆ, ಅದಿಲ್ಲದೆ ಈ ರಾಗ ನಂಗೆ ಖಾಲಿ ಅನ್ಸ್ತಿತ್ತು" ಎಂದು ಅಪ್ಪಿಕೊಂಡ.

ಅಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಆ ಅಪ್ಪುಗೆಯನ್ನು ತಮ್ಮ ಹೆಸರಿನಲ್ಲಿ ಪೂರ್ತಿ ಪಡೆದೆ, ರಕಿಯಾವನ್ನೂ ಮುಗಿಸಿದೆವು.

ತಮ್ಮ ವಿಶ್ವಾಸಿ,
ವೆಲ್ಕೊ

ತಾ.ಕ.: ಹೊಸ ಕ್ಯಾಸೆಟ್ಟಿಗೆ ಬೇಡಿಕೆ ಚೆನ್ನಾಗಿದೆ, ಈಗಾಗಲೇ ಒಂಬತ್ತು ಪ್ರತಿ ಹೋಗಿವೆ. ಇನ್ನು ಮುಂದೆ ತಾವು ಎಲ್ಲಾದರೂ ಎದ್ದು ನಿಂತು ಕೂಗಿದವನು ನಾನೇ ಎಂದರೆ, ಈ ಸುತ್ತಿನ ಹತ್ತೂರಲ್ಲಿ ಒಬ್ಬರೂ ನಂಬುವುದಿಲ್ಲ.