ಆರು ಲೇನ್ ದಾಟೋಕೆ ಎರಡು ಸಲ ಓಟು

ನಮ್ಮೋರನ್ನ ಕಟ್ಟಿಕೊಂಡು ಎಲೆಕ್ಷನ್ ಕೆಲಸಕ್ಕೆ ಇಳಿದು ನೋಡಿ, ದಿನಕ್ಕೊಂದು ತಮಾಷೆ ಆಗದಿದ್ರೆ ನನ್ನ ಕೇಳಿ. ನಾನು ಇಳಿದದ್ದೇನೂ ತಮಾಷೆಗಲ್ಲ, ಸಿಟ್ಟಿಗೆ.

ಡಾಲಸ್ ಪಕ್ಕದ ನಮ್ಮ ಊರಲ್ಲಿ ರಸ್ತೆಯ ಈ ಕಡೆ ಅಪಾರ್ಟ್‌ಮೆಂಟ್‌ಗಳ ಸಾಲು, ಆ ಕಡೆ ಇಂಡಿಯನ್ ಅಂಗಡಿ, ಅದರ ಮಗ್ಗುಲಲ್ಲೇ ದೇವಸ್ಥಾನ. ನಡುವೆ ಆರು ಲೇನು. ಸಿಗ್ನಲ್ ಇಲ್ಲ. ಕಾರಿದ್ದೋರಿಗೆ ಅದರ ಕಷ್ಟ ಗೊತ್ತಾಗಲ್ಲ. ನಮ್ಮತ್ತೆ ಥರದವರು ಮಾತ್ರ ಒಂದು ಕೈಲಿ ಸೊಪ್ಪಿನ ಚೀಲ, ಇನ್ನೊಂದು ಕೈಲಿ ಸೀರೆ ನೆರಿಗೆ ಹಿಡಿದು ಓಡಬೇಕು. ಹಿಂದಿನ ದೀಪಾವಳಿಲಿ ಒಬ್ಬ ಅಂಕಲ್ಲಿಗೆ ಪಿಕಪ್ ಟ್ರಕ್ ಗುದ್ದಿ ಕಾಲು ಮುರಿದಿತ್ತು. ಆಮೇಲೆ ಅತ್ತೆ ಚಪ್ಪಲಿ ಮೆಟ್ಟಿದರೆ ಸಾಕು, ವಾಪಸ್ಸು ಬರೋವರೆಗೂ ನಾನು ಕಿಟಕಿ ಬಿಟ್ಟು ಕದಲ್ತಿರಲಿಲ್ಲ.

ಅದು ಟೆಲಿಕಾಂ ಕಂಪನಿಗಳೆಲ್ಲ ನೆಲಕಚ್ಚಿದ ಕಾಲ. ಪಕ್ಕದ ರಿಚರ್ಡ್‌ಸನ್ ಊರಿನ ನಮ್ಮ ಆಫೀಸಿನವರು ನನ್ನನ್ನೂ ಕೆಲಸದಿಂದ ತೆಗೆದು, ಸಾಮಾನು ತುಂಬಿಕೊಳ್ಳೋಕೆ ಒಂದು ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳಿಸಿದ್ದರು. ಅದೇ ಹೊತ್ತಿಗೆ ಸಿಟಿ ಕೌನ್ಸಿಲ್ ಎಲೆಕ್ಷನ್ ಬಂತು. ನಮ್ಮ ವಾರ್ಡಿಗೆ ಮೂವರು ನಿಂತರು. ಅವರಲ್ಲಿ ಒಬ್ಬರು ರಿಟೈರ್ಡ್ ಸ್ಕೂಲ್ ನರ್ಸ್, ಬಿಳಿ ಕೂದಲಿನ ಅಮೆರಿಕನ್ ಹೆಂಗಸು. ನಾವು ನರ್ಸಮ್ಮ ಅಂತಿದ್ದೆವು. ಗೆದ್ದರೆ ಸಿಗ್ನಲ್ ಹಾಕಿಸ್ತೀನಿ ಅಂದರು. ಇನ್ನೊಬ್ಬರು ರಿಯಲ್ ಎಸ್ಟೇಟ್ ಸಾಹೇಬರು. ಚರ್ಚಾ ಸಭೆಯಲ್ಲಿ ಸಿಗ್ನಲ್ ಮಾತು ಬಂದಾಗ ನಕ್ಕು, "ಆ ರಸ್ತೆನ ನಡೆದು ದಾಟೋರು ಓಟು ಹಾಕೋರಲ್ಲ ಬಿಡಿ" ಅಂದರು. ನಾನು ಮೂರನೇ ಸಾಲಲ್ಲೇ ಕೂತಿದ್ದೆ. ಮೈಯೆಲ್ಲ ಉರಿದುಹೋಯ್ತು.

ಮೇ ತಿಂಗಳಲ್ಲಿ ಓಟಾಯ್ತು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರಲಿಲ್ಲ. ಮೂರನೆಯವರು ಹೊರಗೆ. ನರ್ಸಮ್ಮ, ಸಾಹೇಬರು ಇಬ್ಬರ ನಡುವೆ ಜೂನಿನಲ್ಲಿ ಮತ್ತೆ ಓಟು, ಅದೇ ರನ್‌ಆಫ್. ಓಟು ಹಾಕೋರಲ್ಲವಾ ನಾವು? ನೋಡೇಬಿಡೋಣ ಅಂತ ನರ್ಸಮ್ಮನ ಮನೆಗೆ ಹೋಗಿ, "ನಮ್ಮೋರ ಮನೆಗಳೆಲ್ಲ ನನಗೆ ಬಿಡಿ" ಅಂದೆ.

ಹಾಕಿದ್ದೀನಲ್ಲ!

ಮೊದಲ ಫೋನು ಒಬ್ಬ ಇಂಜಿನಿಯರಿಗೆ.

"ಮೇನಲ್ಲೇ ಹಾಕಿದ್ದೀನಲ್ಲ ಮೇಡಂ."

"ಇದು ರನ್‌ಆಫ್ ಸಾರ್. ಮತ್ತೆ ಹಾಕಬೇಕು."

"ಯಾಕೆ, ಮೊದಲಿಂದು ಕಳೆದುಹಾಕಿದ್ರಾ?"

"ಕಳೆದಿಲ್ಲ ಸಾರ್. ಯಾರಿಗೂ ಅರ್ಧ ದಾಟಲಿಲ್ಲ."

"ಅದು ಅವರ ಪ್ರಾಬ್ಲಂ. ನನ್ನ ಕೆಲಸ ನಾನು ಸರಿಯಾಗೇ ಮಾಡಿದ್ದೀನಿ."

ಇಪ್ಪತ್ತು ನಿಮಿಷ ಗಂಟಲು ಹರಿದುಕೊಂಡ ಮೇಲೆ ಒಪ್ಪಿದರು. "ಬರ್ತೀನಿ. ಆದ್ರೆ ಹಿಂದಿನ ಸಲ ಮೂರನೆಯವರಿಗೆ ಹಾಕಿದ್ದೆ. ಈಗಲೂ ಅವರಿಗೇ. ನಾನು ಕನ್ಸಿಸ್ಟೆಂಟ್ ಮನುಷ್ಯ."

"ಅವರು ಕಣದಲ್ಲೇ ಇಲ್ಲ ಸಾರ್! ಅವರೇ ಈಗ ನರ್ಸಮ್ಮನ ಕಡೆ."

"ಹಾಗಂತ ಅವರೇ ನನಗೆ ಹೇಳಲಿ."

ಬಿಡ್ತೀನಾ? ಸೋತ ಆ ಮನುಷ್ಯನ್ನ ಹುಡುಕಿ, ಇಂಜಿನಿಯರಿಗೆ ಫೋನ್ ಮಾಡಿಸಿದೆ. ಒಂದು ಗಂಟೆ ಬಿಟ್ಟು ಆ ಸೋತವರೇ ನನಗೆ ಫೋನ್ ಮಾಡಿದರು. "ನಿಮ್ಮ ಇಂಜಿನಿಯರ್ ನರ್ಸಿಗೆ ಓಟು ಹಾಕ್ತಾರಂತೆ. ಆದರೆ ಮುಂದಿನ ಸಲ ಮತ್ತೆ ನಿಲ್ಲಿ ಅಂತ ನನ್ನನ್ನ ಒಪ್ಪಿಸಿಬಿಟ್ಟರು."

ನಲವತ್ತು ಮನೆ

ನರ್ಸಮ್ಮನ ಜೊತೆ ಮನೆ ಮನೆಗೆ ಹೋಗೋ ದಿನ. "ಒಂದು ಮಧ್ಯಾಹ್ನಕ್ಕೆ ನಲವತ್ತು ಮನೆ ಮುಗಿಸಬೇಕು" ಅಂದರು ಆಕೆ. ಅವರ ಜನಕ್ಕೆ ಬಾಗಿಲಲ್ಲೇ ನಿಂತು ಒಂದು ಚೀಟಿ ಕೊಟ್ಟು ಮುಂದಕ್ಕೆ ಹೋಗಿ ಅಭ್ಯಾಸ. ನಮ್ಮಲ್ಲಿ ಅದು ನಡೆಯುತ್ತಾ? ಮೊದಲ ಮನೆಯಲ್ಲಿ ಉಪ್ಪಿಟ್ಟು. ಎರಡನೇದರಲ್ಲಿ ಕೇಸರಿಬಾತು. ಮೂರನೇ ಮನೆ ಆಂಟಿ ನರ್ಸಮ್ಮನಿಗೆ ಮಂಡಿನೋವಿನ ಎಕ್ಸ್‌ರೇ ತೋರಿಸಿದರು. ಆಕೆ ನೆಲದ ಮೇಲೆ ಕೂತು ವ್ಯಾಯಾಮ ಹೇಳಿಕೊಟ್ಟರು. ನಾಲ್ಕನೇ ಮನೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ, ಹಸಿರು ಬ್ಲೌಸ್‌ಪೀಸು. ಅಷ್ಟಕ್ಕೇ ಕತ್ತಲಾಯಿತು. ನಲವತ್ತರಲ್ಲಿ ನಾಲ್ಕು! ನನಗೆ ನಾಚಿಕೆಯಾಗಿ ನೆಲ ನೋಡಿಕೊಂಡು ನಡೆದೆ.

ಅಲ್ಲಿಂದ ಸೀದಾ ಚರ್ಚಿನ ಊಟಕ್ಕೆ ಹೋಗಬೇಕಿತ್ತು. ಒಳಗೆ ಕಾಲಿಡುತ್ತಲೇ ಒಬ್ಬ ಹೆಂಗಸು ಗಾಬರಿಯಿಂದ ಓಡಿಬಂದು, "ಅಯ್ಯೋ, ನಿಮ್ಮ ಹಣೆಯಿಂದ ರಕ್ತ ಬರ್ತಿದೆ!" ಅಂದಳು.

ನರ್ಸಮ್ಮ ಹಣೆ ಮುಟ್ಟಿಕೊಳ್ಳಲೂ ಇಲ್ಲ. "ರಕ್ತ ಅಲ್ಲಮ್ಮ ಇದು, ನಾಲ್ಕು ಮನೆ ಓಟು" ಅಂದರು.

ಪೂರ್ವಕ್ಕ ಮುಖ

ಹುಬ್ಬಳ್ಳಿ ಕಡೆಯ ಒಬ್ಬ ಅಂಕಲ್ ಮನೆ ಮುಂದೆ ನರ್ಸಮ್ಮನ ಹೆಸರಿನ ಬೋರ್ಡ್ ನೆಡೋಕೆ ಒಪ್ಪಿದ್ದರು. ಒಂದೇ ಕಡೆ ಅಚ್ಚಾದ ಬೋರ್ಡು. ಮಾರನೇ ದಿನ ಆ ದಾರೀಲಿ ಹೋದರೆ, ರಸ್ತೆಗೆ ಕಾಣೋದು ಬರೀ ಬಿಳಿ ಬೆನ್ನು! ಹೆಸರು ಅವರ ಮನೆ ಬಾಗಿಲು ನೋಡ್ತಾ ಇದೆ.

"ಇದೇನು ಅಂಕಲ್, ಉಲ್ಟಾ ನೆಟ್ಟಿದ್ದೀರಲ್ಲ!"

"ಉಲ್ಟಾ ಅಲ್ರೀ. ರಸ್ತೆ ಪಶ್ಚಿಮಕ್ಕ ಅದ. ಗೆಲ್ಲೋ ಮಂದಿ ಮುಖ ಪೂರ್ವಕ್ಕ ಇರಬೇಕ್ರೀ."

"ಪೂರ್ವಕ್ಕೆ ಇಟ್ರೆ ಓದೋರು ಯಾರು?"

"ಸೂರ್ಯನಾರಾಯಣ ಓದ್ತಾನಲ್ರೀ."

ಸೂರ್ಯನಾರಾಯಣನ ಹೆಸರು ವೋಟರ್ ಲಿಸ್ಟಲ್ಲಿ ಇಲ್ಲ ಅಂತ ರೇಗಿದೆ. ಅವರು ಜಪ್ಪಯ್ಯ ಅಂದರೂ ತಿರುಗಿಸಲಿಲ್ಲ. ಮೂರನೇ ವಾರಕ್ಕೆ ಅವರ ಹೆಂಡತಿ, ಆ ಮನೆ ಆಂಟಿಯ ಫೋನು ಬಂತು. ಹದಿನೈದು ವರ್ಷದಿಂದ ಸಿಟಿಜನ್ನು, ಒಂದೇ ಒಂದು ಸಲ ಓಟು ಹಾಕಿದವರಲ್ಲ. "ಮುಂಜಾನೆದ್ದು ಬಾಗಿಲಾ ತಗದ್ರ ಆಕೀ ಹೆಸರು, ಕಿಟಕಿ ತಗದ್ರ ಆಕೀ ಹೆಸರು. ಸಾಕಾಗೇದವಾ ನನಗ. ಲಗೂನ ಕರಕೊಂಡು ಹೋಗು, ಹಾಕಿ ಮುಗಿಸಿಬಿಡ್ತೇನಿ!"

ಹಿಂದಿನಿಂದ ಅಂಕಲ್ ದನಿ. "ನೋಡಿದ್ರ್ಯಾ? ವಾಸ್ತು!"

ಶುಗರ್ ಲ್ಯಾಂಡಿನ ಅಭಿಮಾನ

ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ನನ್ನ ಅಕ್ಕ ಇದ್ದಾಳೆ. "ನಾನೂ ಏನಾದ್ರೂ ಮಾಡ್ತೀನಿ ಕಣೇ" ಅಂತ ಹಠ. ಬಂದಾಗ ಎರಡು ಬೋರ್ಡು ಹೊತ್ತುಕೊಂಡು ಹೋದಳು. ಯಾರಿಗಾದರೂ ಕೊಡ್ತಾಳೇನೋ ಅಂದುಕೊಂಡೆ. ತನ್ನ ಮನೆ ಮುಂದೇ ನೆಟ್ಟಿದ್ದಾಳೆ, ನಾಲ್ಕು ಗಂಟೆ ಡ್ರೈವಿನ ಆಚೆ! "ಅಲ್ಲಿ ಯಾರಿಗೂ ಇವರಿಗೆ ಓಟು ಹಾಕೋಕೆ ಆಗಲ್ಲ ಕಣೇ!" ಅಂತ ಕಿರುಚಿದೆ.

"ಅದಕ್ಕೇ ನೋಡು," ಅಂದಳು, "ನಮ್ಮ ಬೀದೀಲಿ ಒಬ್ಬರೂ ವಿರೋಧ ಮಾಡಿಲ್ಲ."

ಶನಿವಾರ ಒಂಬತ್ತು ಗಂಟೆ

ರನ್‌ಆಫ್ ಬಿದ್ದದ್ದು ಶನಿವಾರ. ನಾಲ್ಕು ವ್ಯಾನು ಗೊತ್ತು ಮಾಡಿ ಹಿರಿಯರನ್ನೆಲ್ಲ ಒಂಬತ್ತಕ್ಕೆ ಮತಗಟ್ಟೆ ಹತ್ತಿರ ತಂದೆ. ಒಂದು ಸ್ಕೂಲಿನ ಊಟದ ಹಾಲ್ ಅದು. ವ್ಯಾನಿನ ಬಾಗಿಲು ತೆಗೆದರೆ ಒಬ್ಬರೂ ಇಳಿಯಲೊಲ್ಲರು.

"ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಮುಗಿದ ಮೇಲೆ ಇಳೀತೀವಿ" ಅಂದರು, ಎಲ್ಲರಿಗಿಂತ ಹಿರಿಯ ತಾತ.

ಹೊರಗೆ ಸುಡುಬಿಸಿಲು. ಆ ಕಡೆ ಸಾಹೇಬರ ಜನ ಸಾಲಾಗಿ ಒಳಗೆ ಹೋಗ್ತಿದ್ದಾರೆ. ಹತ್ತೂವರೆಗೆ ಎರಡು ವ್ಯಾನು ವಾಪಸ್ಸು ಕೊಡಬೇಕು.

"ನಿಮ್ಮ ಕ್ಯಾಲೆಂಡರ್ ಎಲ್ಲಿ ಅಚ್ಚಾದದ್ದು ತಾತ?"

"ಬೆಂಗಳೂರಲ್ಲಿ."

"ಬೆಂಗಳೂರಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತು ಅಂದ್ರೆ ಇಲ್ಲಿ ಶುಕ್ರವಾರ ರಾತ್ರಿ ಹತ್ತೂವರೆ. ನಿಮ್ಮ ರಾಹುಕಾಲ ನಿನ್ನೆ ರಾತ್ರಿ ಹನ್ನೆರಡಕ್ಕೇ ಮುಗೀತು. ಇಳೀರಿ!"

ವ್ಯಾನಿನಲ್ಲಿ ಎಲ್ಲರೂ ಬೆರಳು ಮಡಿಸಿ ಲೆಕ್ಕ ಹಾಕಿದರು. ಹೌದಲ್ವಾ ಅಂತ ಒಬ್ಬೊಬ್ಬರೇ ಇಳಿದರು. ತಾತ ಮಾತ್ರ ಕೂತೇ ಇದ್ದರು.

"ನಿಮ್ಮದೇನು ತಾತ ಇನ್ನೂ?"

"ನಿನ್ನೆ ರಾತ್ರಿ ಹನ್ನೊಂದಕ್ಕೆ ನೀನು ಫೋನ್ ಮಾಡಿದಾಗಲ್ಲವೇನಮ್ಮ ನಾನು ಬರ್ತೀನಿ ಅಂದಿದ್ದು? ರಾಹುಕಾಲದಲ್ಲಿ ಒಪ್ಪಿದ್ದು ಅದು, ನಡೆಯಲ್ಲ. ಈಗ ಹೊಸದಾಗಿ ಕೇಳು."

ಕೈ ಮುಗಿದು ಹೊಸದಾಗಿ ಕೇಳಿದೆ. ಯೋಚನೆ ಮಾಡಿ ಹೇಳ್ತೀನಿ ಅಂದರು, ಹೇಳುತ್ತಲೇ ಇಳಿದರು.

ಅತ್ತೆಯ ಓಟು

ಕೊನೆಗೆ ನಮ್ಮತ್ತೆ ಸರದಿ. ಸಿಟಿಜನ್ ಆಗೋ ಪರೀಕ್ಷೆಯ ನೂರು ಪ್ರಶ್ನೆನೂ ಸಹಸ್ರನಾಮದ ಥರ ಬಾಯಿಪಾಠ ಮಾಡಿದ ಗಟ್ಟಿಗಿತ್ತಿ. ಆದರೆ ಇಂಗ್ಲಿಷ್ ಓದೋಕೆ ಬರಲ್ಲ. ಓದಿಹೇಳೋಕೆ ಜೊತೆಗೊಬ್ಬರು ಹೋಗಬಹುದು, ಪ್ರಮಾಣ ಮಾಡಬೇಕು ಅಷ್ಟೆ. ಮತಗಟ್ಟೆಯ ಮೇಡಂ ಎದುರು ನಾನು ಕೈ ಎತ್ತಿ ನಿಂತೆ. ಮಾತಲ್ಲಾಗಲಿ, ಗುರುತಲ್ಲಾಗಲಿ, ಸನ್ನೆಯಲ್ಲಾಗಲಿ ಯಾರಿಗೆ ಓಟು ಹಾಕಬೇಕು ಅಂತ ಸೂಚಿಸುವುದಿಲ್ಲ.

"ಏನಂದೆ?" ಅಂದರು ಅತ್ತೆ. ಹೇಳಿದೆ. ಅವರ ಕಣ್ಣು ಸ್ವಲ್ಪ ಅಗಲವಾಯಿತು. ಆಗಲೇ ನಾನು ಹುಷಾರಾಗಬೇಕಿತ್ತು.

ಎರಡು ಹೆಸರನ್ನೂ ಒಂದೇ ರಾಗದಲ್ಲಿ ಓದಿದೆ.

"ಯಾರಿಗೆ ಹಾಕಲಿ, ಹೇಳೇ."

ನಾನು ಕಂಬದ ಥರ ನಿಂತೆ.

"ಹುಬ್ಬು ಎತ್ತಿದ್ರೂ ಸಾಕು."

ಹುಬ್ಬು ತಾನಾಗಿ ಎದ್ದುಬಿಟ್ಟರೆ? ಹೆದರಿ ಕಣ್ಣೇ ಮುಚ್ಚಿಕೊಂಡೆ.

"ನಾಲ್ಕು ವಾರ ಅಡುಗೆ ಮನೆ ಬಿಟ್ಟು ಫೋನಲ್ಲಿ ಅರಚಿದ್ದೇ ಅರಚಿದ್ದು. ಈಗ ಬಾಯಿಗೆ ಬೀಗ!" ಆಮೇಲೆ ದನಿ ತಗ್ಗಿಸಿದರು. "ಅಂದ್ರೆ, ಇಲ್ಲಿ ನಾನು ಏನೇ ಅಂದ್ರೂ ನೀನು ತಿರುಗಿ ಮಾತಾಡೋ ಹಾಗಿಲ್ಲ?"

ಬೇರೆ ವಿಷಯ ಮಾತಾಡಬಹುದಿತ್ತೋ ಏನೋ. ಆದರೆ ನಾನು ಕನ್ನಡದಲ್ಲಿ ತುಟಿ ಬಿಚ್ಚಿ, ಆ ಮೇಡಂಗೆ ಅನುಮಾನ ಬಂದು, ಓಟು ಕೆಟ್ಟರೆ? ಒಂದು ಓಟಲ್ಲಿ ಸೋತರೆ? ಹಲ್ಲು ಕಚ್ಚಿಕೊಂಡೆ.

ಅತ್ತೆ ಪೆನ್ನು ಕೆಳಗಿಟ್ಟರು. ಶುರುಮಾಡಿದರು. ನನ್ನ ಹುಳಿಯಲ್ಲಿ ಹುಣಸೆಹಣ್ಣು ಜಾಸ್ತಿ. ಅವರ ತಾಯಿ ಕೊಟ್ಟ ಕಂಚಿನ ಪಾತ್ರೆನ ಡಿಶ್‌ವಾಷರಿಗೆ ತುರುಕಿ ಕಪ್ಪು ಮಾಡಿದ್ದು. ನನ್ನ ತಮ್ಮನ ಮದುವೇಲಿ ಅವರನ್ನ ಎರಡನೇ ಪಂಕ್ತಿಗೆ ಕೂರಿಸಿದ್ದು, ಅದೂ ಹೋಳಿಗೆ ಮುಗಿದ ಮೇಲೆ. ಹದಿನೆಂಟು ವರ್ಷದ್ದು ಒಂದೂ ಬಿಡದೆ, ನಿಧಾನವಾಗಿ, ಸವಿದು ಸವಿದು ಹೇಳಿದರು. ಹೋಳಿಗೆ ಮುಗಿದಿರಲಿಲ್ಲ! ಅವರೇ ಬೇಡ ಅಂದಿದ್ದರು! ನಾನು ಕಂಬ. ಹಿಂದೆ ಸಾಲು ಬೆಳೆಯಿತು. ಎಲ್ಲ ಮುಗಿದ ಮೇಲೆ ನೀರು ಕುಡಿದವರ ಹಾಗೆ ಉಸಿರು ಬಿಟ್ಟು, ಪೆನ್ನು ತಗೊಂಡು, ನರ್ಸಮ್ಮನ ಹೆಸರಿನ ಮುಂದೆ ಗಟ್ಟಿಯಾಗಿ ಗುರುತು ಹಾಕಿದರು.

"ಯಾರಿಗೆ ಅಂತ ನನಗೆ ಗೊತ್ತಿಲ್ವೇನೇ? ಆ ರಸ್ತೆ ದಾಟೋಳು ನಾನಾ, ನೀನಾ?"

ಹೊರಗೆ ಬರುವಾಗ ಆ ಮೇಡಂ ನನ್ನ ಭುಜ ತಟ್ಟಿ, "ಇಷ್ಟು ನಿಯತ್ತಿನ ಸಹಾಯಕಿನ ನಾನು ಕಂಡೇ ಇಲ್ಲ" ಅಂದರು. ಅಳು ಬರೋದೊಂದು ಬಾಕಿ.

ಸಂಜೆ ನರ್ಸಮ್ಮನ ಮನೆ ಅಂಗಳದಲ್ಲಿ ಫಲಿತಾಂಶ ಬಂತು. ಗೆದ್ದರು, ನಮ್ಮ ವ್ಯಾನುಗಳಲ್ಲಿ ಬಂದವರ ಸಂಖ್ಯೆಗಿಂತ ಕಡಿಮೆ ಓಟಿನ ಅಂತರದಲ್ಲಿ! ಓಟು ಹಾಕೋರಲ್ಲ ಅಂದೆಯಲ್ಲಪ್ಪಾ, ಈಗ ಹೇಳು ಅಂತ ಸಾಹೇಬರಿರೋ ದಿಕ್ಕಿಗೆ ನೋಡಿ ಕೂಗಿದೆ, ಅತ್ತೂ ಬಿಟ್ಟೆ. ನರ್ಸಮ್ಮ ಸೀದಾ ನಮ್ಮತ್ತೆ ಹತ್ತಿರ ಬಂದು, ಎರಡೂ ಕೈ ಹಿಡಿದು, "ನಿಮ್ಮ ಸಿಗ್ನಲ್ ಬಂದೇ ಬರುತ್ತೆ. ಇನ್ನೇನಾದರೂ ಬೇಕಾ ನಿಮಗೆ?" ಅಂತ ಕೇಳಿದರು.

ಅತ್ತೆ ನನ್ನ ಕಡೆ ತಿರುಗಿದರು. "ಕೇಳೇ ಅವರನ್ನ, ಮೂರನೇ ಸುತ್ತು ಯಾವಾಗ ಅಂತ. ನಿನ್ನ ಅಕ್ಕನ ವಿಷಯ ಹೇಳೋದು ಹಾಗೇ ಉಳಿದುಹೋಯ್ತು."